ಸೈಕಲ್ ರಿಪೇರಿ ಶಿಬಿರ ಜೂನ್‌ನಲ್ಲಲ್ಲ, ಜನವರಿಯಲ್ಲಿ ಬೇಕು: ಟೊರಾಂಟೊ ಕಡೆಯವರು ಏನಂತೀರಿ?

ಸ್ಕಾರ್ಬರೊ ಸವಾರ (ಅಕ್ಟೋಬರ್ ಕೊನೆ)

ಟೊರಾಂಟೊದಲ್ಲಿ ಸೈಕಲ್ ಕಾರ್ಯಕ್ರಮಗಳ ಸುಗ್ಗಿ ಅಂದರೆ ಜೂನ್. ಬೈಕ್ ಮಂತ್ ಅಂತ ಪಾರ್ಕುಗಳಲ್ಲಿ ಟೆಂಟ್ ಹಾಕಿ ಪುಕ್ಕಟೆ ಟ್ಯೂನಪ್, ಅಂದರೆ ಸಣ್ಣಪುಟ್ಟ ರಿಪೇರಿ, ಮಾಡಿಕೊಡುತ್ತಾರೆ. ಒಳ್ಳೆಯ ಕೆಲಸ, ನಾನೂ ಹೋಗಿ ಕೈಜೋಡಿಸುತ್ತೇನೆ. ಆದರೆ ಅಲ್ಲಿಗೆ ಬರುವ ಎಷ್ಟೋ ಸೈಕಲ್ಲುಗಳು ಚಳಿಗಾಲವಿಡೀ ಬಾಲ್ಕನಿಯಲ್ಲಿ ಮಲಗಿದ್ದವು. ನಿಜವಾಗಿ ಏಟು ತಿಂದ ಸೈಕಲ್ಲುಗಳು ಬೇರೆ. ಜನವರಿ ರಾತ್ರಿ ವೇರ್‌ಹೌಸ್ ಶಿಫ್ಟ್ ಮುಗಿಸಿ ಬರುವವರದ್ದು, ಊಟ ಡೆಲಿವರಿ ಮಾಡುವ ಹುಡುಗರದ್ದು, ಬಸ್ಸಿನ ದುಡ್ಡು ಉಳಿಸುವ ವಿದ್ಯಾರ್ಥಿಗಳದ್ದು. ಜೂನ್ ಬರುವಷ್ಟರಲ್ಲಿ ಆ ಸೈಕಲ್ಲುಗಳ ಚೈನು, ಕೇಬಲ್ಲು, ಬ್ರೇಕು ಎಲ್ಲ ಮುಗಿದುಹೋಗಿರುತ್ತವೆ.

ಹಾಳು ಮಾಡುವುದು ಚಳಿಯಲ್ಲ, ಉಪ್ಪು. ರಸ್ತೆಗೆ ಸುರಿದ ಉಪ್ಪು ಹಿಮದ ಜೊತೆ ಸೇರಿ ಉಪ್ಪುನೀರಾಗುತ್ತದೆ. ಅದು ಚೈನಿನ ಪಿನ್ನು, ರೋಲರುಗಳ ಸಂದಿಗೆ ಇಳಿಯುತ್ತದೆ. ಸೈಕಲ್ಲನ್ನು ಹಾಗೇ ಮನೆಯೊಳಗೆ ತಂದರೆ ಬೆಚ್ಚಗಿನ ಜಾಗದಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ದಿನಾ ಓಡಿಸಿ ಒರೆಸದೆ ಬಿಟ್ಟ ಚೈನನ್ನು ಜನವರಿ ಕೊನೆಯಲ್ಲಿ ನೋಡಿ, ಕೆಂಪಗಿರುತ್ತದೆ. ಆಗ ಹಿಡಿದರೆ ಬರೀ ಚೈನು ಬದಲಾಯಿಸಿದರೆ ಸಾಕು. ಏಪ್ರಿಲ್‌ವರೆಗೆ ಬಿಟ್ಟರೆ ಸವೆದ ಚೈನು ಕ್ಯಾಸೆಟ್ಟಿನ, ಅಂದರೆ ಹಿಂದಿನ ಚಕ್ರದ ಗೇರ್ ಗುಚ್ಛದ, ಹಲ್ಲನ್ನೂ ತಿಂದಿರುತ್ತದೆ. ಖರ್ಚು ಎಷ್ಟೋ ಪಟ್ಟು ಜಾಸ್ತಿ.

ಅದಕ್ಕೇ ನನ್ನ ಆಲೋಚನೆ ಇದು. ಇಲ್ಲಿ ಸ್ಕಾರ್ಬರೊದಲ್ಲಿ, ಅಂದರೆ ಟೊರಾಂಟೊದ ಪೂರ್ವ ಭಾಗದಲ್ಲಿ, ನಮ್ಮ ಬಿಲ್ಡಿಂಗಿನ ಪಾರ್ಟಿ ರೂಮ್ ಕೇಳಿ ಎರಡು ಸಲ ಸೇರೋಣ. ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಒಂದು. ಅದು ಲೈಟಿಗಾಗಿ. ಜನವರಿ ಕೊನೆಯಲ್ಲಿ ಇನ್ನೊಂದು. ಅದು ಉಪ್ಪಿಗಾಗಿ. ಕನ್ನಡದವರಿಗೆ ಮಾತ್ರ ಅಲ್ಲ, ಬಿಲ್ಡಿಂಗಿನಲ್ಲಿರುವ ತಮಿಳರು, ಪಂಜಾಬಿಗಳು, ಫಿಲಿಪಿನೊಗಳು ಎಲ್ಲರಿಗೂ. ಡೌನ್‌ಟೌನಿನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬೈಕ್‌ಚೈನ್ ಇದೆ. ಅಲ್ಲಿ ಉಪಕರಣ ಕೊಟ್ಟು, ಪಕ್ಕದಲ್ಲಿ ನಿಂತು ನಮ್ಮ ಕೈಯಿಂದಲೇ ರಿಪೇರಿ ಮಾಡಿಸುತ್ತಾರೆ. ಚಾರ್ಲೀಸ್ ಫ್ರೀವೀಲ್ಸ್ ಹುಡುಗ ಹುಡುಗಿಯರಿಗೆ ಸೈಕಲ್ ಕಟ್ಟುವುದನ್ನೇ ಕಲಿಸುತ್ತದೆ. ಆದರೆ ಕೆಟ್ಟುನಿಂತ ಸೈಕಲ್ಲನ್ನು ಹಿಮದಲ್ಲಿ ಇಲ್ಲಿಂದ ಅಷ್ಟು ದೂರ ತಳ್ಳಿಕೊಂಡು ಹೋಗುವುದು ಯಾರು? ರಿಪೇರಿ ಸವಾರ ಇರುವ ಕಡೆ ಬರಬೇಕು. ನಿಮ್ಮ ಸಲಹೆ ಬೇಕು, ಉಪಕರಣ ಇದ್ದವರು ಬೇಕು.

ಮಿಸ್ಸಿಸಾಗ ನಿವಾಸಿ

ಉದ್ದೇಶ ಒಳ್ಳೆಯದು. ಆದರೆ ನನಗೆ ಒಂದು ಅಳುಕು ಇದೆ, ನೇರವಾಗಿ ಹೇಳಿಬಿಡುತ್ತೇನೆ. ನಿನ್ನೆ ಮೊನ್ನೆ ಬೆಂಗಳೂರಿನಿಂದ ಬಂದಿಳಿದ ಹುಡುಗರು ಹಿಮವನ್ನೇ ನೋಡಿರುವುದಿಲ್ಲ. ಅವರಿಗೆ ಚಳಿಗಾಲದಲ್ಲಿ ಸೈಕಲ್ ತುಳಿಯಿರಿ ಅಂತ ಹುರಿದುಂಬಿಸುವುದು ಸರಿಯಾ? ಸ್ಕಾರ್ಬರೊ ರಸ್ತೆಗಳು ಡೌನ್‌ಟೌನಿನ ಹಾಗಲ್ಲ. ಆರು ಲೇನು, ಕಾರುಗಳ ವೇಗ ಜಾಸ್ತಿ. ಹಿಮ ತಳ್ಳಿದ ಮೇಲೆ ಬಲಬದಿ ಪೂರ್ತಿ ರಾಶಿ. ಯಾರಿಗಾದರೂ ಏನಾದರೂ ಆದರೆ ಆ ನೋವು ನಮ್ಮದೂ ಆಗುತ್ತದೆ.

ಸ್ಕಾರ್ಬರೊ ಸವಾರ

ನಿಮ್ಮ ಭಯ ನ್ಯಾಯವಾದದ್ದು. ಆದರೆ ನಾವು ಯಾರನ್ನೂ ಹೊಸದಾಗಿ ರಸ್ತೆಗೆ ಇಳಿಸುತ್ತಿಲ್ಲ. ಅವರು ಆಗಲೇ ರಸ್ತೆಯಲ್ಲಿದ್ದಾರೆ. ರಾತ್ರಿ ಹನ್ನೊಂದಕ್ಕೆ ಕಿಟಕಿಯಿಂದ ನೋಡಿದರೆ ಸಾಕು, ಲೈಟಿಲ್ಲದೆ, ಕಪ್ಪು ಜಾಕೆಟ್ ಹಾಕಿಕೊಂಡು, ಸವೆದ ಬ್ರೇಕ್ ರಬ್ಬರಿನಲ್ಲಿ ಹೋಗುವವರು ಕಾಣಿಸುತ್ತಾರೆ. ಬಸ್ ತಡ ಅಂತ, ಕಾರಿಗೆ ದುಡ್ಡಿಲ್ಲ ಅಂತ, ಅವರು ತುಳಿಯುವುದಂತೂ ಖಂಡಿತ. ಬ್ರೇಕ್ ಹಿಡಿಯುತ್ತದಾ ಇಲ್ಲವಾ ಅನ್ನುವುದೊಂದೇ ನಮ್ಮ ಕೈಯಲ್ಲಿರುವುದು.

ರಸ್ತೆಯ ಬಗ್ಗೆ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ರಿಪೇರಿಯ ಜೊತೆ ಒಂದು ಮೇಜು ದಾರಿಗಾಗಿ ಇಡಬೇಕು. ದೊಡ್ಡ ರಸ್ತೆ ಬಿಟ್ಟು ಒಳದಾರಿಯಲ್ಲಿ ಹೇಗೆ ಹೋಗುವುದು, ಎಲ್ಲಿ ಹಿಮ ತೆಗೆಯುತ್ತಾರೆ, ಎಲ್ಲಿ ತೆಗೆಯುವುದಿಲ್ಲ, ಇದನ್ನೆಲ್ಲ ಮ್ಯಾಪ್ ಹರಡಿಕೊಂಡು ಹೇಳೋಣ. ಹಿಮ ಜೋರಾಗಿ ಬೀಳುವ ದಿನ ಸೈಕಲ್ಲನ್ನು ಬಸ್ಸಿನ ಮುಂದಿನ ರ‍್ಯಾಕಿಗೆ ಹಾಕಿ ಹೋಗಬಹುದು ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಎರಡು ಮಕ್ಕಳ ಅಮ್ಮ

ನವೆಂಬರ್ ಮೊದಲ ವಾರದ್ದು ಬಹಳ ಮುಖ್ಯ, ಬಿಡಬೇಡಿ. ಶನಿವಾರ ಸಂಜೆ ಆರಕ್ಕೆ ಬೆಳಕಿರುತ್ತದೆ, ಭಾನುವಾರ ಗಡಿಯಾರ ಹಿಂದೆ ಸರಿದ ಮೇಲೆ ಐದಕ್ಕೆಲ್ಲ ಮಬ್ಬು. ಡಿಸೆಂಬರ್‌ನಲ್ಲಿ 4:40ಕ್ಕೇ ಸೂರ್ಯ ಮುಳುಗುತ್ತಾನೆ. ಕೆಲಸದಿಂದ ಮನೆಗೆ ಬರುವ ಹೊತ್ತು ಪೂರ್ತಿ ಕತ್ತಲೆ.

ಒಂಟಾರಿಯೊ ಕಾನೂನು ಸ್ಪಷ್ಟವಾಗಿದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿನಿಂದ ಹುಟ್ಟಿದ ಅರ್ಧ ಗಂಟೆಯವರೆಗೆ ಮುಂದೆ ಬಿಳಿ ಅಥವಾ ಕಿತ್ತಳೆ-ಹಳದಿ ಲೈಟು, ಹಿಂದೆ ಕೆಂಪು ಲೈಟು ಅಥವಾ ರಿಫ್ಲೆಕ್ಟರ್ ಇರಲೇಬೇಕು. ಮುಂದಿನ ಫೋರ್ಕಿಗೆ ಬಿಳಿ, ಹಿಂದಿನ ಕಡೆಗೆ ಕೆಂಪು ಹೊಳೆಯುವ ಪಟ್ಟಿಯೂ ಇರಬೇಕು. ಬೆಲ್ ಕಡ್ಡಾಯ. 18 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಸೈಕಲ್ ಟೊರಾಂಟೊ ಸಂಘಟನೆಯವರು ಈ ಸೀಸನ್ನಿನಲ್ಲಿ ಗೆಟ್ ಲಿಟ್ ಅನ್ನುವ ಹೆಸರಿನಲ್ಲಿ ರಸ್ತೆ ಬದಿ ನಿಂತು ಲೈಟ್ ಹಂಚಿದ್ದಾರೆ. ನಾವೂ ಹಾಗೇ ಮಾಡಬಹುದು. ಚಿಕ್ಕ ಲೈಟು, ಹೊಳೆಯುವ ಟೇಪು, ಅಷ್ಟೇ. ಟೇಪ್ ಅಂಟಿಸುವ ಕೆಲಸ ಮಕ್ಕಳಿಗೆ ಬಿಡಿ, ಖುಷಿಯಿಂದ ಮಾಡುತ್ತಾರೆ.

ಇನ್ನೊಂದು ಮಾತು. ದಪ್ಪ ಉಣ್ಣೆ ಟೋಪಿಯ ಮೇಲೆ ಹೆಲ್ಮೆಟ್ ಕೂರಿಸಿದರೆ ಅದು ತಲೆಯ ಮೇಲೆ ಸುಮ್ನೆ ಕೂತಿರುತ್ತದೆ, ಬಿದ್ದಾಗ ಕಳಚಿಕೊಳ್ಳುತ್ತದೆ. ಊರಿಂದ ತಂದ ತೆಳ್ಳಗಿನ ಮಂಕಿ ಟೋಪಿ ಇದೆಯಲ್ಲ, ಅದೇ ಸರಿ. ಕಿವಿ, ಗಲ್ಲ, ಕುತ್ತಿಗೆ ಎಲ್ಲ ಮುಚ್ಚುತ್ತದೆ, ಹೆಲ್ಮೆಟ್ ಕೂಡ ಗಟ್ಟಿಯಾಗಿ ಕೂರುತ್ತದೆ. ಪಟ್ಟಿ ಮಾತ್ರ ಹೊಸದಾಗಿ ಅಳತೆ ಮಾಡಿ ಬಿಗಿದುಕೊಳ್ಳಿ.

ಹಾಸನದ ಡೆಲಿವರಿ ಹುಡುಗ

ನಾನು ಬರುತ್ತೇನೆ. ನನ್ನದು ಇ-ಬೈಕ್. ಎರಡು ಪ್ರಶ್ನೆ ಇವೆ. ಚಳಿ ಬಿದ್ದ ಮೇಲೆ ಬ್ಯಾಟರಿ ಅರ್ಧ ದಾರಿಗೇ ಖಾಲಿಯಾಗುತ್ತದೆ, ಬ್ಯಾಟರಿ ಹಾಳಾಗಿದೆಯಾ? ಮತ್ತೆ, ಚೈನಿಗೆ ನಾನು ಕೊಬ್ಬರಿ ಎಣ್ಣೆ ಹಾಕುತ್ತಿದ್ದೇನೆ. ಊರಲ್ಲಿ ಅದನ್ನೇ ಹಾಕುತ್ತಿದ್ದೆವು. ಇಲ್ಲಿ ಚೈನು ಬಿಗಿಯಾಗುತ್ತಿದೆ.

ಮಿನಿಯಾಪೊಲಿಸ್ ಕನ್ನಡತಿ

ಕೊಬ್ಬರಿ ಎಣ್ಣೆ ಬೇಡಪ್ಪ! 24 ಡಿಗ್ರಿ ಕೆಳಗೇ ಅದು ಹೆಪ್ಪುಗಟ್ಟುತ್ತದೆ. ಊರಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿರುವುದನ್ನು ನೋಡಿದ್ದೀರಲ್ಲ, ಮೈನಸ್ ಹತ್ತರಲ್ಲಿ ಚೈನಿನೊಳಗೆ ಅದು ಮೇಣ. ಅಂಗಡಿಯಲ್ಲಿ ವೆಟ್ ಲೂಬ್ ಅಂತ ಚೈನ್ ಎಣ್ಣೆ ಸಿಗುತ್ತದೆ, ನೀರಿಗೆ ಬೇಗ ತೊಳೆದುಹೋಗುವುದಿಲ್ಲ. ಒಂದೊಂದು ಕೊಂಡಿಗೆ ಒಂದೊಂದು ಹನಿ ಹಾಕಿ, ಪೆಡಲ್ ತಿರುಗಿಸಿ, ಮೇಲಿನದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಒಳಗಿರಬೇಕು, ಹೊರಗೆ ಉಳಿದರೆ ಮರಳು ಅಂಟುತ್ತದೆ. ಡಬ್ಲ್ಯುಡಿ-40 ಸ್ಪ್ರೇ ನೀರನ್ನು ಓಡಿಸಲು ಸರಿ, ಅದನ್ನೇ ಎಣ್ಣೆ ಅಂತ ನಂಬಬೇಡಿ.

ಬ್ಯಾಟರಿ ಹಾಳಾಗಿಲ್ಲದಿರಬಹುದು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಕಡಿಮೆ ಶಕ್ತಿ ಕೊಡುತ್ತದೆ, ಬೆಚ್ಚಗಾದರೆ ಮತ್ತೆ ಸರಿಹೋಗುತ್ತದೆ. ಆದರೆ ಇದನ್ನು ಮಾತ್ರ ಮರೆಯಬೇಡಿ: ಸೊನ್ನೆ ಡಿಗ್ರಿ ಕೆಳಗಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಒಳಗೆ ಲಿಥಿಯಂ ಲೋಹ ಪದರವಾಗಿ ಕೂರುತ್ತದೆ. ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ, ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವೂ ಇದೆ. ಶಿಫ್ಟ್ ಮುಗಿಸಿ ಬಂದ ತಕ್ಷಣ ಪ್ಲಗ್ ಹಾಕುವ ಅವಸರ ಬೇಡ. ಕೋಣೆಯ ಬಿಸಿಗೆ ಬರುವವರೆಗೆ ಬಿಡಿ. ಅದರದ್ದೇ ಚಾರ್ಜರ್ ಬಳಸಿ. ಮಲಗಿರುವಾಗ ಬೇಡ, ಮನೆಯ ಬಾಗಿಲ ಹತ್ತಿರ ಬೇಡ. ಅಲ್ಲೇ ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯೇ ಇರುವುದಿಲ್ಲ.

ಈಗ ಶಿಬಿರದ ವಿಷಯ. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಮಿಡ್‌ಟೌನ್ ಗ್ರೀನ್‌ವೇ ಅಂತ ಸುಮಾರು 9 ಕಿಲೋಮೀಟರ್ ಸೈಕಲ್ ದಾರಿ ಇದೆ. ಹಳೆಯ ರೈಲು ಹಳಿಯ ಜಾಗ. ಬಹುಪಾಲು ರಸ್ತೆಗಿಂತ ಕೆಳಗೆ ಹೋಗುವುದರಿಂದ ಕಾರಿನ ಕಾಟವಿಲ್ಲ. ಅಲ್ಲಿ ಹಿಮ ತೆಗೆಯುವುದು ಎಷ್ಟೋ ಸಲ ಪಕ್ಕದ ರಸ್ತೆಗಳಿಗಿಂತ ಬೇಗ. ಅದಕ್ಕೇ ಜನ ಜನವರಿಯಲ್ಲೂ ತುಳಿಯುತ್ತಾರೆ. ಜನ ತುಳಿಯುವುದರಿಂದ ಚಳಿಗಾಲದಲ್ಲೂ ರಿಪೇರಿಗೆ ಸೇರುತ್ತಾರೆ. ಹೆಂಗಸರು ಮತ್ತು ಟ್ರಾನ್ಸ್ ಸಮುದಾಯದವರು ತಾವೇ ಕೂತು ರಿಪೇರಿ ಮಾಡಿಕೊಳ್ಳಲಿ ಅಂತ ಗ್ರೀಸ್ ರ‍್ಯಾಗ್ ಅನ್ನುವ ಗುಂಪು ಶುರುವಾದದ್ದೂ ನಮ್ಮ ಈ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರದಲ್ಲೇ. ದಯವಿಟ್ಟು ನಿಮ್ಮಲ್ಲೂ ಹೆಂಗಸರಿಗೆ ಒಂದು ರಿಪೇರಿ ಸ್ಟ್ಯಾಂಡ್ ಮೀಸಲಿಡಿ. ಗಂಡಸರು ತುಂಬಿದ ಕೋಣೆಯಲ್ಲಿ ಪಾನಾ ಹಿಡಿದರೆ ಯಾರೋ ಬಂದು "ಕೊಡಿ, ನಾನು ಮಾಡ್ತೀನಿ" ಅಂತ ಕಿತ್ತುಕೊಳ್ಳುತ್ತಾರೆ. ಅದು ಪ್ರೀತಿಯೇ ಇರಬಹುದು. ಆದರೆ ಅವಳು ಕಲಿಯುವುದಿಲ್ಲ. ಮುಂದಿನ ಸಲ ನಡುರಸ್ತೆಯಲ್ಲಿ ಚೈನ್ ಬಿದ್ದಾಗ ಕಿತ್ತುಕೊಂಡವನು ಅಲ್ಲಿರುವುದಿಲ್ಲ, ಅಲ್ವಾ?

ಸ್ಕಾರ್ಬರೊ ಸವಾರ

ಇದು ಎಲ್ಲರಿಗೂ ಅನ್ವಯಿಸಬೇಕು ಅನ್ನಿಸುತ್ತದೆ. ನಿಯಮ ಹೀಗಿರಲಿ: ಪಾನಾ ಸೈಕಲ್ಲಿನ ಒಡೆಯರ ಕೈಯಲ್ಲೇ ಇರಬೇಕು. ಗೊತ್ತಿರುವವರು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಬೇಕು. ಬ್ರೇಕಿನ ಕೊನೆಯ ಪರೀಕ್ಷೆ ಮಾತ್ರ ಗೊತ್ತಿರುವವರೇ ಮಾಡಬೇಕು. ಅದರಲ್ಲಿ ರಾಜಿ ಇಲ್ಲ.

ಡೆಲಿವರಿ ಹುಡುಗರಿಗೆ ಇನ್ನೊಂದು. 2024ರ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಟೊರಾಂಟೊದ ಬಸ್ಸು, ರೈಲು ನಡೆಸುವ ಟಿಟಿಸಿಯವರು ಲಿಥಿಯಂ ಬ್ಯಾಟರಿಯ ಇ-ಬೈಕುಗಳನ್ನು ಬಸ್ಸು, ಸಬ್‌ವೇಗಳಲ್ಲಿ ನಿಷೇಧಿಸಿದರು. 2023ರ ಡಿಸೆಂಬರ್ 31ರಂದು ಸಬ್‌ವೇ ರೈಲಿನಲ್ಲಿ ಇ-ಬೈಕಿಗೆ ಬೆಂಕಿ ಹತ್ತಿದ ಮೇಲೆ ಬಂದ ನಿಯಮ. ಈ ವರ್ಷದ ನಿಯಮ ನೋಡಿಕೊಂಡೇ ಹೊರಡಿ. ದಾರಿಯಲ್ಲಿ ಕೆಟ್ಟರೆ ರೈಲಿನಲ್ಲಿ ತರುತ್ತೇನೆ ಅನ್ನುವ ಲೆಕ್ಕ ಇ-ಬೈಕಿಗೆ ನಡೆಯದೇ ಇರಬಹುದು. ಅಂದಮೇಲೆ ಹತ್ತಿರದಲ್ಲೇ ರಿಪೇರಿ ಇರುವುದು ಇನ್ನೂ ಮುಖ್ಯ. ಹಾಗೆಯೇ ಒಂಟಾರಿಯೊದಲ್ಲಿ ಇ-ಬೈಕ್ ಓಡಿಸುವ ಎಲ್ಲರಿಗೂ, ವಯಸ್ಸು ಎಷ್ಟೇ ಇರಲಿ, ಹೆಲ್ಮೆಟ್ ಕಡ್ಡಾಯ.

ಔಲು ಕನ್ನಡಿಗ

ಫಿನ್‌ಲ್ಯಾಂಡಿನಿಂದ ನಮಸ್ಕಾರ. ನಮ್ಮ ಔಲು ಊರು ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಹಗಲು ಸುಮಾರು ಮೂರೂವರೆ ಗಂಟೆ ಅಷ್ಟೇ. ಆದರೂ ಜನ ಸೈಕಲ್ ಬಿಡುವುದಿಲ್ಲ. ಮೆಟ್ಸೊಕಂಗಾಸ್ ಅನ್ನುವ ಶಾಲೆ ಇದೆ, ಮೈನಸ್ ಹದಿನೇಳರಲ್ಲೂ ಮಕ್ಕಳು ಸೈಕಲ್ಲಿನಲ್ಲೇ ಬರುತ್ತಾರೆ. ಶಾಲೆಯ ಮುಂದೆ ಹಿಮ ಹೊದ್ದ ಸೈಕಲ್ಲುಗಳ ಸಾಲು ನೋಡಿದರೆ ಎದೆ ತುಂಬಿ ಬರುತ್ತದೆ. 2013ರಲ್ಲಿ ಚಳಿಗಾಲದ ಸೈಕ್ಲಿಂಗಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಇಲ್ಲೇ ನಡೆಯಿತು. 2014ರಲ್ಲಿ ಅದು ನಿಮ್ಮ ಕೆನಡಾದ ವಿನಿಪೆಗ್‌ಗೆ ಹೋಯಿತು, 2016ರಲ್ಲಿ ಮಿನಿಯಾಪೊಲಿಸ್‌ಗೆ.

ಇಲ್ಲಿಯವರು ವಿಶೇಷ ಧೈರ್ಯದವರು ಅಂತ ತಿಳಿಯಬೇಡಿ. ಬೆಳಿಗ್ಗೆ ಜನ ಹೊರಡುವ ಮೊದಲೇ ಸೈಕಲ್ ದಾರಿಯ ಹಿಮ ತಳ್ಳಿರುತ್ತಾರೆ. ತೆಳುವಾಗಿ ಉಳಿದ ಹಿಮ ಒತ್ತಿ ಗಟ್ಟಿಯಾಗುತ್ತದೆ, ಅದರ ಮೇಲೆ ಸಣ್ಣ ಜಲ್ಲಿ ಹಾಕುತ್ತಾರೆ. ಚೆನ್ನಾಗಿ ಒತ್ತಿದ ಒಣ ಹಿಮದ ಮೇಲೆ ಟಯರ್ ಹಿಡಿತ ಪರವಾಗಿಲ್ಲ. ಜಾರಿಸುವುದು ಕರಗಿ ಮತ್ತೆ ಗಟ್ಟಿಯಾದ ನೀರು. ನಿಮ್ಮ ಟೊರಾಂಟೊದಲ್ಲಿ ಸೊನ್ನೆಯ ಆಚೀಚೆ ಓಲಾಡುವ ಹವೆ ಜಾಸ್ತಿ, ಹಾಗಾಗಿ ನಿಮ್ಮದೇ ನಮ್ಮದಕ್ಕಿಂತ ಕಷ್ಟ ಅಂತ ನನ್ನ ಅಭಿಪ್ರಾಯ.

ಅದಕ್ಕೆ ಮೊಳೆ ಟಯರ್ ಹಾಕಿಸಿ. ಟಂಗ್‌ಸ್ಟನ್ ಕಾರ್ಬೈಡ್ ಮೊಳೆಯದ್ದು. ದುಬಾರಿ, ಆದರೆ ಹಲವು ಚಳಿಗಾಲ ಬರುತ್ತದೆ. ಎರಡು ಕೊಳ್ಳಲು ಆಗದಿದ್ದರೆ ಒಂದನ್ನು ಮುಂದಿನ ಚಕ್ರಕ್ಕೆ ಹಾಕಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ. ಹೊಸ ಟಯರಿನ ಮೊಳೆ ಗಟ್ಟಿಯಾಗಿ ಕೂರಲು ಮೊದಲ 40 ಕಿಲೋಮೀಟರ್ ಹಿಮವಿಲ್ಲದ ಟಾರು ರಸ್ತೆಯಲ್ಲಿ ನಿಧಾನವಾಗಿ ಓಡಿಸಬೇಕು, ಜೋರಾಗಿ ಬ್ರೇಕ್ ಹಾಕಬಾರದು. ಅದಕ್ಕೇ ಇದು ನವೆಂಬರ್ ಶಿಬಿರದ ಕೆಲಸ.

ಮಿಸ್ಸಿಸಾಗ ನಿವಾಸಿ

ಮುಂದಿನ ಚಕ್ರದ ಮಾತು ಕೇಳಿ ನೆನಪಾಯಿತು. ರಿಪೇರಿ ಆದ ಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿಸಿ. ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ನಿಲ್ಲಿಸುವುದು, ಸೈಕಲ್ ವಾಲಿಸದೆ ನೆಟ್ಟಗೆ ಇಟ್ಟು ತಿರುಗುವುದು. ಡೌನ್‌ಟೌನಿಗೆ ಹೋಗುವವರಿಗೆ ಸ್ಟ್ರೀಟ್‌ಕಾರ್ ಹಳಿಯನ್ನು ಅಡ್ಡಲಾಗಿ, ನೇರ ಕೋನದಲ್ಲಿ ದಾಟುವುದು. ಸೇತುವೆಯ ಮೇಲೆ ಮೊದಲು ಮಂಜುಗಡ್ಡೆ ಕಟ್ಟುತ್ತದೆ ಅಂತಲೂ ಹೇಳಿ. ಇದಿಷ್ಟು ಇದ್ದರೆ ನನ್ನ ಅಳುಕು ಕಡಿಮೆ. ಆ ಅಭ್ಯಾಸದ ಜವಾಬ್ದಾರಿ ನಾನೇ ವಹಿಸಿಕೊಳ್ಳುತ್ತೇನೆ.

ಬೆಂಗಳೂರು ಪೆಡಲ್

ಇಲ್ಲಿ ಹಿಮ ಇಲ್ಲ, ಆದರೆ ಓದುತ್ತಾ ನಮ್ಮ ಮಳೆಗಾಲ ನೆನಪಾಯಿತು. ಇಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಸರು ಮರಳು ಚೈನನ್ನು ತಿನ್ನುತ್ತದೆ, ಬ್ರೇಕ್ ಒದ್ದೆಯಾಗಿ ಹಿಡಿಯುವುದಿಲ್ಲ. 2013ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ ಸೈಕಲ್ ಡೇ ಆಮೇಲೆ ಬಡಾವಣೆಗಳಿಗೂ ಬಂತು. ಅಂಥ ಕಡೆ ಮಳೆಗಾಲದ ನಡುವೆ ಒಂದು ರಿಪೇರಿ ಮೇಜು ಇಟ್ಟರೆ ಸೆಕ್ಯುರಿಟಿ ಗಾರ್ಡುಗಳು, ಪೇಪರ್ ಹಾಕುವ ಹುಡುಗರಿಗೆ ಎಷ್ಟು ಉಪಯೋಗ! ನಿಮ್ಮ ಜನವರಿ ಅನುಭವ ಬರೆಯಿರಿ, ಇಲ್ಲಿ ಪ್ರಯತ್ನಿಸುತ್ತೇವೆ.

ಸ್ಕಾರ್ಬರೊ ಸವಾರ (ಜನವರಿ ಕೊನೆ)

ಬರೆಯುತ್ತೇನೆ ಅಂದಿದ್ದೆ. ನವೆಂಬರ್‌ನದ್ದು ಸಣ್ಣದಾಗಿ, ಚೆನ್ನಾಗಿ ನಡೆಯಿತು. ಲೈಟು, ಟೇಪು, ಗಾಳಿ, ಬ್ರೇಕು. ಜಾಸ್ತಿ ಹೇಳುವಂಥದ್ದಿಲ್ಲ. ಜನವರಿಯದ್ದೇ ಬೇರೆ.

ಬಂದವರಲ್ಲಿ ಹೆಚ್ಚಿನವರು ಸೈಕಲ್ ತಳ್ಳಿಕೊಂಡೇ ಬಂದರು, ತುಳಿಯುವ ಸ್ಥಿತಿಯಲ್ಲಿ ಇರಲಿಲ್ಲ. ಮೊದಲು ಬಂದ ಸೈಕಲ್ಲಿನ ಪೆಡಲ್ ತುಳಿದರೆ ಸುಮ್ನೆ ಗಿರಗಿರ ತಿರುಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಒಡೆಯರು ಗೇರ್ ಪೂರ್ತಿ ಹೋಯಿತು ಅಂತ ಕಂಗಾಲಾಗಿದ್ದರು. ಹಿಂದಿನ ಹಬ್ಬಿನೊಳಗೆ ಚಿಕ್ಕ ಕೊಕ್ಕೆಗಳಿರುತ್ತವೆ, ಸ್ಪ್ರಿಂಗ್ ಅವನ್ನು ಹಲ್ಲಿಗೆ ಒತ್ತಿ ಹಿಡಿಯುತ್ತದೆ. ಚಳಿಗೆ ಗ್ರೀಸ್ ಗಟ್ಟಿಯಾದರೆ, ನೀರು ಹೊಕ್ಕು ಹೆಪ್ಪುಗಟ್ಟಿದರೆ, ಕೊಕ್ಕೆ ಮೇಲೇಳುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಟ್ಟಿದ್ದಕ್ಕೇ ಟಕ್ ಟಕ್ ಶಬ್ದ ವಾಪಸ್ ಬಂತು. ಆಮೇಲೆ ಬಿಚ್ಚಿ, ಹಳೆಯ ಗ್ರೀಸ್ ತೊಳೆದು, ಒಣಗಿಸಿ, ತೆಳ್ಳಗಿನ ಎಣ್ಣೆ ಹಾಕಿದೆವು. ಅವರ ಮುಖದಲ್ಲಿ ಬಂದ ನಿರಾಳ ನೋಡಬೇಕಿತ್ತು. ಹೊಸ ಚಕ್ರಕ್ಕೆ ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದರು ಪಾಪ.

ಗೇರ್ ಕೇಬಲ್ಲಿನ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡವು ಬಹಳ. ಬ್ರೇಕ್ ರಬ್ಬರು ಪೂರ್ತಿ ಸವೆದು ಒಳಗಿನ ಲೋಹ ರಿಮ್ಮನ್ನು ಕೆರೆಯುತ್ತಿದ್ದವು ಕೂಡ. ಮರಳು ಮತ್ತು ಉಪ್ಪಿನ ಕೆಸರಿನಲ್ಲಿ ರಬ್ಬರ್ ಎಷ್ಟು ಬೇಗ ತೀರುತ್ತದೆ ಅಂತ ಜೂನ್‌ನಲ್ಲಿ ಟ್ಯೂನಪ್ ಮಾಡುವವರಿಗೆ ಅಂದಾಜೇ ಇರುವುದಿಲ್ಲ. ಚೈನ್ ಎಷ್ಟು ಸವೆದಿದೆ ಅಂತ ಅಳೆಯುವ ಸಾಧನ ಎಲ್ಲರ ಕೈಗೂ ಕೊಟ್ಟೆವು. ಹಿಂದಿನ ಚಕ್ರದಲ್ಲಿ ಹತ್ತು ಗೇರಿನವರೆಗೆ ಇರುವ ಸೈಕಲ್ಲಿಗೆ ಸಾಧನದ 0.75 ಗುರುತು ದಾಟಿದರೆ, ಹನ್ನೊಂದು ಹನ್ನೆರಡು ಗೇರಿನದ್ದಕ್ಕೆ 0.5 ದಾಟಿದರೆ, ಚೈನ್ ಬದಲಾಯಿಸಬೇಕು. ಮೇಜಿನ ಮೇಲೆ ಇಟ್ಟಿದ್ದ ಚೈನುಗಳು ಮಧ್ಯಾಹ್ನದ ಹೊತ್ತಿಗೇ ಖಾಲಿ. ಮುಂದಿನ ಸಲ ದೇಣಿಗೆಯ ದುಡ್ಡನ್ನು ಟ್ಯೂಬಿಗಿಂತ ಚೈನು ಮತ್ತು ಬ್ರೇಕ್ ರಬ್ಬರಿಗೆ ಹಾಕಬೇಕು. ಬೆಂಗಳೂರಿನವರು ಇದನ್ನು ಗುರುತು ಹಾಕಿಕೊಳ್ಳಿ, ಮಳೆಗಾಲಕ್ಕೂ ಇದೇ ಲೆಕ್ಕ.

ಜಾಗದ ಬಗ್ಗೆ: ಒಳಗೆ ಬರುವ ಪ್ರತಿ ಸೈಕಲ್ಲೂ ಕರಗಿದ ಕೊಳೆನೀರು ಸುರಿಸುತ್ತದೆ. ಟಾರ್ಪಾಲ್, ಹಳೆಯ ಟವೆಲ್, ಬಾಗಿಲಲ್ಲೇ ಒಂದು ಬ್ರಶ್ಶು ಬೇಕೇ ಬೇಕು. ನೆಲ ಸ್ವಚ್ಛ ಮಾಡಿಕೊಡದಿದ್ದರೆ ಬಿಲ್ಡಿಂಗಿನವರು ಎರಡನೇ ಸಲ ಕೋಣೆ ಕೊಡುವುದಿಲ್ಲ. ಬಾಗಿಲಲ್ಲಿ ಬ್ರಶ್ ಹಿಡಿದು ನಿಂತವರೇ ಅತಿ ಹೆಚ್ಚು ಉಪಕಾರ ಮಾಡಿದರು ಅಂತ ನನ್ನ ಭಾವನೆ. ಕೆಸರು ತೆಗೆದ ಮೇಲೆಯೇ ರೋಗ ಕಾಣಿಸುವುದು.

ಎರಡು ಮಕ್ಕಳ ಅಮ್ಮ

ಹೆಂಗಸರ ಸ್ಟ್ಯಾಂಡಿನಲ್ಲಿ ನಾನಿದ್ದೆ. ಒಬ್ಬ ನರ್ಸ್ ಬಂದಿದ್ದರು, ರಾತ್ರಿ ಪಾಳಿ. ಬೀಗದೊಳಗೆ ನೀರು ಹೆಪ್ಪುಗಟ್ಟಿ ಬೆಳಗಿನ ಜಾವ ಸೈಕಲ್ ಬಿಚ್ಚಲು ಆಗದೆ ನಡೆದುಕೊಂಡು ಹೋಗಿದ್ದರಂತೆ. ಬೀಗದ ತೂತು ಕೆಳಮುಖವಾಗಿರುವಂತೆ ಹಾಕುವುದು, ಗ್ರಾಫೈಟ್ ಪುಡಿ ಹಾಕುವುದು ತೋರಿಸಿದೆ. ಪಂಕ್ಚರ್ ಹಾಕುವುದನ್ನು ಅವರೇ ಮಾಡಿದರು, ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಮುಂದಿನ ಸಲ ತಮ್ಮ ವಾರ್ಡಿನ ಇಬ್ಬರನ್ನು ಕರೆತರುತ್ತಾರಂತೆ. ಹಾಗಾಗಿ ಮುಂದಿನ ಶಿಬಿರಕ್ಕೆ ಬಹಳ ದಿನ ಕಾಯುವುದು ಬೇಡ.

ಸ್ಕಾರ್ಬರೊ ಸವಾರ

ಕಾಯುವುದಿಲ್ಲ. ಫೆಬ್ರವರಿಯ ಎರಡನೇ ಶುಕ್ರವಾರ ಚಳಿಗಾಲದಲ್ಲಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಅಂತರರಾಷ್ಟ್ರೀಯ ದಿನ. ಅದರ ಮರುದಿನ ಶನಿವಾರ ಕೋಣೆ ಕೇಳಿದ್ದೇನೆ, ಕೊಡುತ್ತೇವೆ ಅಂದಿದ್ದಾರೆ. ಚೈನ್ ಬಿಚ್ಚುವ ಸ್ಟ್ಯಾಂಡಿಗೆ ಒಬ್ಬರು ಬೇಕು.

ಹಾಸನದ ಡೆಲಿವರಿ ಹುಡುಗ

ಆ ಶನಿವಾರ ನನ್ನ ಶಿಫ್ಟ್ ಸಂಜೆ ನಾಲ್ಕಕ್ಕೆ ಶುರು. ಬೆಳಿಗ್ಗೆಯೇ ಬರುತ್ತೇನೆ. ಕಳೆದ ಸಲ ಚೈನ್ ಬಿಚ್ಚಿ ಹಾಕುವುದು ಕಲಿತೆ, ಆಮೇಲೆ ರೂಮಿನವರದ್ದನ್ನೂ ನಾನೇ ಬದಲಾಯಿಸಿದೆ. ಆ ಸ್ಟ್ಯಾಂಡ್ ನನಗೆ ಬಿಡಿ. ಟಾರ್ಪಾಲ್ ನಮ್ಮ ಬೇಸ್‌ಮೆಂಟಿನಲ್ಲಿದೆ, ಶುಕ್ರವಾರ ರಾತ್ರಿ ತಂದಿಡುತ್ತೇನೆ, ಕೆಳಗಿನ ಬಾಗಿಲ ಬೀಗ ತೆಗೆದಿರಲಿ.